ಯಾವ ಕಾಲು ಮೊದಲು?

“ಎರಡು ದಿನ ದಾರಿ ಕಾಯ್ದು ಇವತ್ತ ಒಂದು ಫಿಟ್ಸ್ ಬಂತು. ಅದರ ಮ್ಯಾಲೂ ಕೌದಿ ಹಾಕಿ ಮುಚ್ಚಿಬಿಟ್ರಿ. ನಿಮಗೇನಾರ ತಿಳೀತೈತೋ ಇಲ್ಲೋ?”

“ಮುಚ್ಚಿದೆ. ನಾಳೆ ಬಂದ್ರೂ ಮುಚ್ಚತೀನಿ. ನನ್ನ ಹುಡುಗಿ ಒದ್ದಾಡೂದನ್ನ ನೋಡಾಕ ನೀ ಯಾವಾಕಿ?”

“ನೋಡೂದ ನನ್ನ ಕೆಲಸರೀ. ಅದಕ್ಕಂತನ ಆ ಕ್ಯಾಮೆರಾ ಇಟ್ಟೀವಿ.”

“ಅದನ್ನ ಕಿತ್ತು ಕಿಡಕಿಯಾಗಿಂದ ಒಗೀತೀನಿ.”

ಹೀಗೆ ಒಬ್ಬರಿಗೊಬ್ಬರು ಸೋಲದೆ ನಿಂತವರು ಇಬ್ಬರು. ಒಬ್ಬಳು ಗುಣವತಿ. ಹೈದರಾಬಾದಿನ ಒಂದು ಆಸ್ಪತ್ರೆಯಲ್ಲಿ ರೋಗಿಗಳ ತಲೆಗೆ ತಂತಿ ಅಂಟಿಸಿ ಮಿದುಳಿನ ಕರೆಂಟನ್ನು ಬರೆದುಕೊಳ್ಳುವ ಟೆಕ್ನಿಷಿಯನ್, ಗುಲ್ಬರ್ಗದ ಕಡೆಯವಳು. ಇನ್ನೊಬ್ಬಳು ತುಳಸಾಬಾಯಿ. ಗಂಡ ಸತ್ತ ಮೇಲೆ ಲಿಂಗಸುಗೂರಿನಿಂದ ಇದೇ ಊರಿನ ತಮ್ಮನ ಮನೆಗೆ ಬಂದು ಹದಿನೆಂಟು ವರ್ಷವಾದವಳು. ಇಬ್ಬರ ನಡುವಿನ ಮಂಚದ ಮೇಲೆ ಇಪ್ಪತ್ತೆರಡು ವರ್ಷದ ಅಪೂರ್ವ ಫಿಟ್ಸ್ ಮುಗಿದು ಸುಸ್ತಾಗಿ ಮಲಗಿದ್ದಳು. ಅವಳ ತಲೆಯಿಂದ ಇಪ್ಪತ್ತೈದು ತಂತಿಗಳು ಹೊರಟು, ಜಡೆಯ ಹಾಗೆ ಒಂದಾಗಿ, ಒಂದು ಡಬ್ಬಿಯೊಳಗೆ ಹೋಗಿದ್ದವು. ಬಾಗಿಲಲ್ಲಿ ಚಹಾದ ಥರ್ಮಾಸು ಹಿಡಿದು ನಿಂತವನು ಹುಡುಗಿಯ ಅಪ್ಪ, ತುಳಸಾಬಾಯಿಯ ತಮ್ಮ ಶಿವಾನಂದ. ಯಾರ ಪರ ಮಾತಾಡಬೇಕು ಎಂದು ಅವನಿಗೆ ತಿಳಿಯಲಿಲ್ಲ. ಖರೇ ಹೇಳಬೇಕೆಂದರೆ ಅವನಿಗೂ ಈ ತಂತಿಗಳ ಮೇಲೆ ನಂಬಿಕೆ ಇರಲಿಲ್ಲ.

ಅದು ಎರಡು ಸಾವಿರದ ಮೂರನೇ ಇಸವಿ. ಊರ ತುಂಬ ಕಂಪ್ಯೂಟರ್ ಕ್ಲಾಸಿನ ಬೋರ್ಡು. ಅಪೂರ್ವಳೂ ಅಮೀರ್‌ಪೇಟೆಯಲ್ಲಿ ಆರು ತಿಂಗಳು ಕಲಿತು ಒಂದು ಆಫೀಸು ಸೇರಿದ್ದಳು. ಅಮೆರಿಕದ ಡಾಕ್ಟರುಗಳು ರೋಗಿಗಳ ವಿಚಾರವನ್ನು ಬಾಯಲ್ಲಿ ಹೇಳಿ ಕಳಿಸುವುದು, ಇವಳು ಕಿವಿಗೆ ಹಾಕಿಕೊಂಡು ಕೇಳಿ ಟೈಪು ಮಾಡುವುದು, ಅದು ಕೆಲಸ. ನಾಲ್ಕು ತಿಂಗಳಲ್ಲಿ ಎರಡು ಸಲ ಆಫೀಸಿನಲ್ಲೇ ಫಿಟ್ಸ್ ಬಂತು. ಗುಣ ಮಾಡಿಸಿಕೊಂಡು ಬಾರಮ್ಮ, ಜಾಗ ಇಟ್ಟಿರುತ್ತೇವೆ ಎಂದು ಕಳಿಸಿದರು. ಜಾಗ ಎಷ್ಟು ದಿನ ಇಟ್ಟಿರುತ್ತಾರೆ ಎಂಬುದು ಎಲ್ಲರಿಗೂ ಗೊತ್ತಿದ್ದದ್ದೇ.

ಬೇನೆ ಇವತ್ತಿನದಲ್ಲ. ಹದಿಮೂರನೇ ವಯಸ್ಸಿನಲ್ಲಿ ಒಂದು ಮದುವೆಯ ಹಂದರದಲ್ಲಿ ಮೊದಲನೇ ಸಲ ಬಂತು. ತಾಯಿಯಿಲ್ಲದ ಹುಡುಗಿ. ನೂರು ಜನರ ನಡುವೆ ಬಿದ್ದು ಒದ್ದಾಡುತ್ತಿದ್ದಾಗ ಲಂಗ ಮೇಲೆ ಸರಿಯಿತು. ಗಂಡಸರು ಸುತ್ತ ನಿಂತು ನೋಡಿದರು. ನೋಡಿದರೇ ಹೊರತು ಒಬ್ಬನೂ ಬಗ್ಗಲಿಲ್ಲ. ತುಳಸಾಬಾಯಿ ಅಲ್ಲಿ ಹಾಸಿದ್ದ, ಹಳೆ ಸೀರೆಗಳನ್ನು ಹೊಲಿದ ಕೌದಿ ಎಳೆದು ತಂದು ಹುಡುಗಿಯನ್ನು ಅಡಿಯಿಂದ ಮುಡಿಯವರೆಗೆ ಮುಚ್ಚಿದಳು. ಆಮೇಲೆ ಒಮ್ಮೆ ಕೋಠಿ ಪೇಟೆಯ ಫುಟ್‌ಪಾತಿನಲ್ಲಿ ಬಂತು. ಒಬ್ಬ ಮೂಗಿಗೆ ಚಪ್ಪಲಿ ಹಿಡಿದ, ಇನ್ನೊಬ್ಬ ಕೈಯಲ್ಲಿ ಕೀಲಿಗೊಂಚಲು ತುರುಕಿದ. ಇಬ್ಬರನ್ನೂ ದೂಡಿ ತುಳಸಾಬಾಯಿ ಮತ್ತೆ ಕೌದಿ ಹೊದಿಸಿದಳು. ಅಂದಿನಿಂದ ಆ ಕೌದಿ ಅವಳ ಬಗಲು ಬಿಟ್ಟದ್ದಿಲ್ಲ. ಬೇನೆ ಬರುವ ಸುಳಿವು ಹತ್ತಿ ಹುಡುಗಿ ‘ಅತ್ತೀ’ ಎಂದು ಒಂದು ಥರ ಕೂಗಿದರೆ ಸಾಕು, ಎರಡು ಉಸಿರಿನೊಳಗೆ ಕೌದಿ ಬಿದ್ದಿರುತ್ತಿತ್ತು. ಮನೆಯಲ್ಲಿ ಎಲ್ಲರಿಗೂ ಅದು ರೂಢಿಯಾಗಿತ್ತು. ಶಿವಾನಂದನಂತೂ ಕೌದಿ ಬಿದ್ದ ಕೂಡಲೇ ಗೋಡೆಯ ಕಡೆ ಮುಖ ಮಾಡಿ ನಿಲ್ಲುತ್ತಿದ್ದ.

ಆಕೆಯನ್ನು ಕೆಟ್ಟವಳು ಎನ್ನಬೇಡಿ. ಊರು ನಕ್ಕಾಗ ಹುಡುಗಿಯ ಮಾನ ಕಾಯ್ದವಳು ಆಕೆ ಒಬ್ಬಳೇ.

ನಾಲ್ಕು ಡಾಕ್ಟರಾದರು. ಮೂರು ಥರದ ಗುಳಿಗೆಯಾದವು. ಬೇನೆ ವಾರಕ್ಕೆ ಎರಡು ಸಲ ಬರುವುದು ಬಿಡಲಿಲ್ಲ. ಕಡೆಗೆ ಈ ಆಸ್ಪತ್ರೆಯ ಡಾಕ್ಟರ್ ಸುಬ್ಬರಾಯ ಒಂದು ಮಾತು ಹೇಳಿದರು. ಸರಿಯಾದ ಗುಳಿಗೆ ಸರಿಯಾಗಿ ತಗೊಂಡರೂ ಫಿಟ್ಸ್ ನಿಲ್ಲದಿದ್ದರೆ, ಅದು ಮಿದುಳಿನ ಯಾವ ಜಾಗದಿಂದ ಏಳುತ್ತದೆ ಎಂದು ಹುಡುಕಬೇಕು. ಜಾಗ ಸಿಕ್ಕರೆ ಕೆಲವರಿಗೆ ಆಪರೇಷನ್ ಮಾಡಿ ನಿಲ್ಲಿಸಬಹುದು. ತಲೆಯ ಸ್ಕ್ಯಾನಿನಲ್ಲಿ ಏನೂ ಕಂಡಿರಲಿಲ್ಲ. ಹಾಗಾಗಿ ತಂತಿ ಹಚ್ಚಿ, ಕ್ಯಾಮೆರಾ ಇಟ್ಟು, ಫಿಟ್ಸ್ ಬರುವವರೆಗೆ ಕಾಯುವುದು.

ಮೊದಲನೇ ದಿನವೇ ಶಿವಾನಂದ ಗುಣವತಿಯ ಜೊತೆ ಜಗಳ ತೆಗೆದಿದ್ದ. ತಲೆಗೆ ಕರೆಂಟು ಕೊಟ್ಟು ಹುಚ್ಚು ಹಿಡಿಸುತ್ತೀರೇನು ಎಂದು ಕೇಳಿದ್ದ. ಆಕೆ ನಗಲಿಲ್ಲ. ದಿನಾ ಹತ್ತು ಜನ ಕೇಳುವ ಪ್ರಶ್ನೆ ಅದು.

“ನಾವು ಕರೆಂಟು ಕೊಡೂದಿಲ್ಲ ಅಣ್ಣಾರ,” ಅಂದಳು. “ಮಿದುಳಿನ್ಯಾಗ ಮೊದಲಿಂದ ಸಣ್ಣ ಕರೆಂಟು ಓಡ್ಯಾಡತಿರತೈತಿ, ನಿಮಗೂ, ನನಗೂ. ಈ ತಂತಿ ಬರೇ ಕೇಳತಾವು.”

ಅದೇ ದಿನ ಇನ್ನೊಂದು ತಕರಾರೂ ಆಗಿತ್ತು. ಆಸ್ಪತ್ರೆಗೆ ಹೊರಡುವ ಮೊದಲು ತುಳಸಾಬಾಯಿ, ತಲೆ ತಂಪಿರಲಿ ಎಂದು, ಹುಡುಗಿಯ ನೆತ್ತಿಗೆ ಬಟ್ಟಲು ತುಂಬ ಹರಳೆಣ್ಣೆ ತಟ್ಟಿದ್ದಳು. ತಂತಿ ನಿಲ್ಲದೆ ಜಾರಿದವು. ಗುಣವತಿ ಎರಡು ಸಲ ಶಾಂಪೂ ಹಚ್ಚಿ ತೊಳೆದಳು, ಗೊಣಗುತ್ತಲೇ ತೊಳೆದಳು.

ಈಗ ಮೂರನೇ ದಿನ, ಕೌದಿಯ ಜಗಳ. ಡಾಕ್ಟರು ಶಿವಾನಂದನನ್ನು ಒಳಕ್ಕೆ ಕರೆಸಿದರು. ಕಂಪ್ಯೂಟರಿನ ಪರದೆಯ ಮೇಲೆ ಇಪ್ಪತ್ತು ಮೂವತ್ತು ಗೆರೆಗಳು ಓಡುತ್ತಿದ್ದವು. ಒಂದು ಕಡೆ ಎಲ್ಲ ಗೆರೆಗಳೂ ಬಿರುಗಾಳಿಗೆ ಸಿಕ್ಕ ಜೋಳದ ಹಾಗೆ ಎದ್ದುಬಿದ್ದಿದ್ದವು. ಬೆಳಗಿನ ಫಿಟ್ಸ್ ಅದು. ತಂತಿಗಳ ಪ್ರಕಾರ ಜೋರು ತಲೆಯ ಬಲಗಡೆ. ಆದರೆ ಬಲಗಡೆಯೇ ಎಂದು ನಾನು ಹೇಳಲಾರೆ ಎಂದರು ಡಾಕ್ಟರು. ಆಮೇಲೆ ಒಂದೇ ಒಂದು ಪ್ರಶ್ನೆ ಕೇಳಿದರು. ಫಿಟ್ಸ್ ಶುರುವಾದಾಗ ಮೊದಲು ನಡುಗುವುದು ಯಾವುದು? ಕೈಯೋ, ಕಾಲೋ? ಎಡವೋ, ಬಲವೋ?

ಶಿವಾನಂದ ಮನಸ್ಸಿನಲ್ಲೇ ಲೆಕ್ಕ ಹಾಕಿದ.

ಒಂಬತ್ತು ವರ್ಷ. ವಾರಕ್ಕೆ ಎರಡು. ಸಾವಿರ ಸಲ ಬಿದ್ದಿರಬಹುದು ಮಗಳು. ಅದು ಹೇಗೆ ಶುರುವಾಗುತ್ತದೆ ಎಂದು ಮನೆಯಲ್ಲಿ ಒಬ್ಬರೂ ಒಂದು ಸಲವೂ ನೋಡಿರಲಿಲ್ಲ. ನೋಡಿದ್ದು ಬರೀ ಕೌದಿ. ಅಲುಗಾಡುವ ಕೌದಿ, ಆಮೇಲೆ ಸುಮ್ಮನಾಗುವ ಕೌದಿ.

ಹೊರಗೆ ಬಂದು ಬೆಂಚಿನ ಮೇಲೆ ಕೂತ. ಗುಣವತಿಯ ಸಿಟ್ಟು ಇಳಿದಿತ್ತು. ಅವಳೂ ಪಕ್ಕದಲ್ಲಿ ಕೂತು, ತಂತಿ ಒಂದು ಕಡೆ ತೋರಿಸಿದರೂ ಡಾಕ್ಟರು ಯಾಕೆ ನಂಬುವುದಿಲ್ಲ ಎಂದು ಬಿಡಿಸಿ ಹೇಳಿದಳು. ಮಿದುಳು ಅಕ್ರೋಟಿನ ಹಾಗೆ ಎರಡು ಹೋಳು. ನಡುವೆ ಸೀಳು. ಒಳಗಿನ ಕರೆಂಟು ಬುರುಡೆ ದಾಟಿ, ಚರ್ಮ ದಾಟಿ ಹೊರಗೆ ಬರುವಷ್ಟರಲ್ಲಿ ಸವೆದು ಹರಡಿಕೊಂಡಿರುತ್ತದೆ. ಹೊರಗೆ ಜೋರಾಗಿ ಕೇಳಿದ ಜಾಗದ ಕೆಳಗೇ ಬೇರು ಇರಬೇಕೆಂದಿಲ್ಲ.

“ಎಡಗಡೆ ಹೋಳಿನ ಒಳಗ್ವಾಡಿಯೊಳಗ ಕೂತು ಯಾರರ ಒದರಿದ್ರು ಅನ್ರಿ. ಮಾರಿ ಬಲಕ್ಕ ಇರತೈತಿ. ಹಂಗಾಗಿ ಆ ಒದರಾಟ ಬಲಗಡೆ ಜೋರು ಕೇಳಸತೈತಿ. ಕಾಲಿಗೆ ಹುಕುಂ ಕೊಡೂ ಜಾಗ ಅಲ್ಲೇ ಐತಿ, ಆ ಸೀಳಿನ್ಯಾಗ. ಎಡ ಮಿದುಳು ಬಲಗಾಲು ಆಡಸತೈತಿ, ಬಲ ಮಿದುಳು ಎಡಗಾಲು. ಯಾವ ಕಾಲು ಮೊದಲು ನಡುಗಿತು ಅಂತ ಗೊತ್ತಾದ್ರ, ಯಾವ ಗ್ವಾಡಿ ಅಂತ ಗೊತ್ತಾಕ್ಕೈತಿ.”

ಶಿವಾನಂದನಿಗೆ ಅರ್ಥವಾಗಿತ್ತು; ಅವಳು ಅಂದುಕೊಂಡದ್ದಕ್ಕಿಂತ ಚೆನ್ನಾಗಿ ಅರ್ಥವಾಗಿತ್ತು. ಯಾಕೆಂದರೆ ಅವನ ಹೊಟ್ಟೆಪಾಡೇ ಅದು.

ಜೀಡಿಮೆಟ್ಲಾದ ಒಂದು ಔಷಧ ಕಾರ್ಖಾನೆಯಲ್ಲಿ ಅವನು ಫಿಟ್ಟರು. ಪಂಪು ಕೂಗತೊಡಗಿದರೆ ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಪಂಪಿನ ಮೈಗೆ ಒತ್ತಿ, ಹಿಡಿಕೆಯನ್ನು ಕಿವಿಗೆ ಹಚ್ಚಿ, ನಾಲ್ಕು ಕಡೆ ಕೇಳಿ, ಇಂಥಾ ಬೇರಿಂಗು ಹೋಗಿದೆ ಎಂದು ಹೇಳುವವನು. ಆರು ವರ್ಷದ ಹಿಂದೆ ಹಾಗೆಯೇ ಕೇಳಿ, ಜೋರು ಮೋಟಾರಿನ ಕಡೆಗಿದೆ ಎಂದು ಮೋಟಾರು ಬಿಚ್ಚಿ ಹೊಸ ಬೇರಿಂಗು ಹಾಕಿದ್ದ. ಚಾಲೂ ಮಾಡಿದರೆ ಅದೇ ಕೂಗು. ಕೆಟ್ಟದ್ದು ಆಚೆ ಪಂಪಿನ ತುದಿಯ ಬೇರಿಂಗು; ನಡುವಿನ ಶಾಫ್ಟು ಸದ್ದನ್ನು ಈಚೆ ಹೊತ್ತು ತಂದಿತ್ತು. ಹಳಬ ಮೌನಪ್ಪ ಬಂದು ಕೆಳಗೆ ಬಗ್ಗಿ ನೋಡಿದ. ಪಂಪಿನ ಕಡೆ ಗ್ರೀಸು ಕಪ್ಪಾಗಿ ಸೋರಿತ್ತು. “ಕಿವಿ ಹೇಳಿದ್ದಕ್ಕ ಕಣ್ಣು ಸಾಕ್ಷಿ ಹೇಳಬೇಕೋ ಶಿವಣ್ಣ,” ಎಂದಿದ್ದ.

ಪಂಪು ತಪ್ಪು ಕಡೆ ಬಿಚ್ಚಿದರೆ ತಿರುಗಿ ಬೋಲ್ಟು ಬಿಗಿಯಬಹುದು. ಮಗಳ ತಲೆಯನ್ನು?

ಅವನು ಎದ್ದು ಒಳಗೆ ಹೋಗಿ ಅಕ್ಕನಿಗೆ ಹೇಳಿದ. ಇನ್ನು ಕೌದಿ ಹಾಕಬೇಡ, ಕಾಲು ಕಾಣಬೇಕು ಎಂದ. ತುಳಸಾಬಾಯಿ ಕೇಳಿಸಿಕೊಳ್ಳಲಿಲ್ಲ. ಗುಣವತಿ ಒಂದು ದಾರಿ ತೋರಿಸಿದಳು. ಹುಡುಗಿಗೆ ಪೈಜಾಮ ಹಾಕಿಸಿ, ಸೊಂಟದಿಂದ ಮಂಡಿಯವರೆಗೆ ಬೇಕಾದರೆ ಬಟ್ಟೆ ಇರಲಿ, ಪಾದ ಎರಡೂ ಹೊರಗಿರಲಿ, ಬಾಗಿಲು ಹಾಕಿರುತ್ತೇವೆ ಅಂದಳು. ಅದಕ್ಕೂ ತುಳಸಾಬಾಯಿ ಒಪ್ಪಲಿಲ್ಲ.

ಎಚ್ಚರಾಗಿ ಕೂತಿದ್ದ ಅಪೂರ್ವ ಆಗ ಬಾಯಿ ಹಾಕಿದಳು.

“ಅತ್ತಿ, ನಾ ದಿನಾ ಟೈಪ್ ಮಾಡೂದು ಇದನ್ನ. ‘ಎಡಗೈ ಮೊದಲು ನಡುಗಿತು, ಹೆಂಡತಿ ನೋಡಿದಳು.’ ‘ಬಾಯಿ ಬಲಕ್ಕೆ ಸೊಟ್ಟಾಯಿತು, ಮಗ ನೋಡಿದ.’ ಅಮೆರಿಕದಾಗ ಯಾರ ಮನ್ಯಾಗೂ ಕೌದಿ ಇಲ್ಲ ಕಾಣಸತೈತಿ. ನನ್ನ ಪಾಳಿ ಬಂದ್ರ ಏನು ಬರೀಬೇಕು? ‘ಕೌದಿ ನಡುಗಿತು, ಅತ್ತಿ ನೋಡಿದಳು’?”

ಗುಣವತಿ ನಕ್ಕಳು. ತುಳಸಾಬಾಯಿ ನಗಲಿಲ್ಲ. ಅವಳ ಭಯ ಬೇರೆ ಇತ್ತು. ಅದನ್ನು ಅವಳು ತಮ್ಮನನ್ನು ವರಾಂಡಕ್ಕೆ ಕರೆದು ಹೇಳಿದಳು. ಸಿಂಧನೂರಿನಲ್ಲಿದ್ದ ಅವಳ ಮೈದುನನ ಮಗನಿಗೆ ಅಪೂರ್ವಳನ್ನು ಕೊಡುವ ಮಾತಾಗಿತ್ತು. ಹುಡುಗಿಗೆ ಏನೂ ಇಲ್ಲ ಎಂದು ಅವಳೇ ಮೈದುನನ ಮನೆಯ ಹೊಸ್ತಿಲು ಮುಟ್ಟಿ ಮಾತು ಕೊಟ್ಟಿದ್ದಳು. ಈ ಕ್ಯಾಮೆರಾದ ಟೇಪು ನಾಳೆ ಯಾರ ಕೈಗೆ ಸಿಗುತ್ತದೋ, ಸಿಂಧನೂರಿನ ತನಕ ಸುದ್ದಿ ಹೋದರೆ ತಾನು ಯಾವ ಮುಖ ಹೊತ್ತು ತಿರುಗಬೇಕು ಎಂದಳು. ಶಿವಾನಂದ ಗುಣವತಿಯನ್ನು ಕೇಳಿದ. ಟೇಪು ಡಾಕ್ಟರ ಕಪಾಟಿನಲ್ಲಿ ಬೀಗದೊಳಗೆ ಇರುತ್ತದೆ, ನಿಮ್ಮ ಸಹಿ ಇಲ್ಲದೆ ಹೊರಗಿನವರಿಗೆ ತೋರಿಸುವುದಿಲ್ಲ ಎಂದು ಆಕೆ ಹೇಳಿದಳು. ತುಳಸಾಬಾಯಿ, ಸಹಿ ಹಾಕಿದ ಕಾಗದ ಎಷ್ಟು ನೋಡಿಲ್ಲ ನಾನು, ಅಂದಳು.

ನಾಲ್ಕನೇ ದಿನ ಬೆಳಿಗ್ಗೆ ಎಂಟೂವರೆಗೆ ಅಪೂರ್ವ ಉಪ್ಪಿಟ್ಟು ತಿಂದು ತಟ್ಟೆ ಕೆಳಗಿಟ್ಟಳು. “ಅತ್ತೀ” ಅಂದಳು.

ಶಿವಾನಂದ ಮಂಚದ ತಲೆಗಿದ್ದ, ಗುಣವತಿಯನ್ನು ಕರೆಯುವ ಗುಂಡಿ ಒತ್ತಿದ. ತಿರುಗಿ ನೋಡುವಷ್ಟರಲ್ಲಿ ಕೌದಿ ಆಗಲೇ ಗಾಳಿಯಲ್ಲಿತ್ತು. ಅವನು ಅದರ ಒಂದು ಚುಂಗು ಹಿಡಿದ. ಅಕ್ಕ ಇನ್ನೊಂದು ಚುಂಗು ಬಿಡಲಿಲ್ಲ. ಐವತ್ತು ದಾಟಿದ ಇಬ್ಬರು, ನಡುವೆ ಹುಡುಗಿ, ಮೇಲೆ ಹಗ್ಗದಂತೆ ಬಿಗಿದ ಕೌದಿ. ಎಲ್ಲೋ ಹೊಲಿಗೆ ಪರ್ರನೆ ಹರಿಯಿತು.

“ಬಿಡು ಅಕ್ಕಾ. ಈ ಒಂದ ಸಲ ನೋಡು.”

ಆಕೆ ಕೈ ಬಿಡಲಿಲ್ಲ. ಆದರೆ ಕಣ್ಣು ಕೆಳಗೆ ಹೋಯಿತು. ಒಂಬತ್ತು ವರ್ಷದಲ್ಲಿ ಮೊದಲನೇ ಸಲ ಇಬ್ಬರೂ ನೋಡಿದರು. ಒಂದು ಹೆಬ್ಬೆರಳು ಮೇಲಕ್ಕೆ ಎದ್ದು ನಿಂತಿತು. ಆಮೇಲೆ ಪಾದ ಟಕಟಕ ಬಡಿಯತೊಡಗಿತು. ಇನ್ನೊಂದು ಪಾದ ಸುಮ್ಮನೆ ಇತ್ತು. ಎಷ್ಟೋ ಹೊತ್ತು ಎನಿಸಿತು. ಗೋಡೆ ಗಡಿಯಾರದಲ್ಲಿ ಎಂಟು ಸೆಕೆಂಡು. ಆಮೇಲೆ ನಡುಕ ತೊಡೆಗೆ ಏರಿ, ಕೈಗೆ ಏರಿ, ಮೈಯೆಲ್ಲ ಹಿಡಿಯಿತು. ಗುಣವತಿ ಓಡಿ ಬಂದು ಹುಡುಗಿಯನ್ನು ಮಗ್ಗುಲಿಗೆ ಹೊರಳಿಸಿ, ತಲೆಯ ಕೆಳಗೆ ಕೈ ಇಟ್ಟಳು. ಬಾಯಿಗೆ ಏನೂ ಹಾಕಲಿಲ್ಲ, ಕೈಕಾಲು ಅದುಮಲಿಲ್ಲ. ಒಂದೂವರೆ ನಿಮಿಷಕ್ಕೆ ಮುಗಿಯಿತು.

ಎಲ್ಲರಿಗಿಂತ ಮೊದಲು ಮಾತಾಡಿದವಳು ತುಳಸಾಬಾಯಿ.

“ಬಲಗಾಲು,” ಅಂದಳು.

ಡಾಕ್ಟರು ಟೇಪನ್ನೂ ಗೆರೆಗಳನ್ನೂ ಪಕ್ಕಪಕ್ಕ ಇಟ್ಟು ನಾಲ್ಕು ಸಲ ನೋಡಿದರು. ತಂತಿ ಬಲ ಮಿದುಳು ಎಂದಿತ್ತು, ಬಲಗಾಲು ಎಡ ಮಿದುಳು ಎನ್ನುತ್ತಿತ್ತು. ಹಳೆಯ ಸ್ಕ್ಯಾನನ್ನು ತರಿಸಿ, ಎಡ ಹೋಳಿನ ಒಳಗೋಡೆಯನ್ನೇ ಗುರಿ ಮಾಡಿ ಹುಡುಕಿದರು. ಅಲ್ಲಿತ್ತು, ಅಲಸಂದೆ ಕಾಳಿನಷ್ಟು ಹಳೆಯ ಕಲೆ. ಎಲ್ಲಿ ನೋಡಬೇಕೆಂದು ಗೊತ್ತಿಲ್ಲದಾಗ ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಇನ್ನೂ ಒಂದೆರಡು ಪರೀಕ್ಷೆ ಆಗಬೇಕು, ಆಪರೇಷನ್ ಆಗಬಹುದು, ಆದರೆ ಬಲಗಾಲು ಕೆಲವು ತಿಂಗಳು ಸೋಲಬಹುದು, ಯೋಚನೆ ಮಾಡಿ ಹೇಳಿ ಎಂದರು.

ಮುಂದೇನಾಯಿತು ಎಂದು ನೀವು ಕೇಳುತ್ತೀರಿ. ಅದನ್ನು ಮೊದಲು ಹೇಳಿಬಿಡುತ್ತೇನೆ. ಆಪರೇಷನ್ ಆಯಿತು. ಎಡಗಡೆಯೇ ಆಯಿತು. ಅಪೂರ್ವ ಮೂರು ತಿಂಗಳು ಬಲಗಾಲು ಎಳೆದುಕೊಂಡು ನಡೆದಳು. ಈಗ ಬಸ್ಸು ಹತ್ತಿ ಇಳಿಯುತ್ತಾಳೆ. ಎರಡು ವರ್ಷದಲ್ಲಿ ಎರಡೇ ಸಲ ಫಿಟ್ಸ್ ಬಂದಿದೆ. ಗುಳಿಗೆ ಇನ್ನೂ ತಗೊಳ್ಳುತ್ತಾಳೆ. ಹಳೆಯ ಆಫೀಸಿನವರು ಜಾಗ ಇಟ್ಟಿರಲಿಲ್ಲ. ಬೇರೆ ಆಫೀಸು ಸಿಕ್ಕಿತು.

ಆದರೆ ಆ ದಿನ ಮಧ್ಯಾಹ್ನ ಆಸ್ಪತ್ರೆಯ ಕೋಣೆಯಲ್ಲಿ ಇನ್ನೊಂದು ಮಾತು ಬಾಕಿ ಇತ್ತು. ಶಿವಾನಂದ ಅಕ್ಕನಿಗೆ, ಸಿಂಧನೂರಿಗೆ ಫೋನು ಮಾಡಿ ಇದ್ದದ್ದನ್ನು ಇದ್ದ ಹಾಗೆ ಹೇಳುತ್ತೇನೆ ಎಂದ. ಒಪ್ಪಿದರೆ ಮದುವೆ, ಇಲ್ಲದಿದ್ದರೆ ಇಲ್ಲ. ತುಳಸಾಬಾಯಿ ಕೌದಿಯ ಹರಿದ ಹೊಲಿಗೆಯನ್ನು ಬೆರಳಿನಿಂದ ತಡವುತ್ತಾ ಕೂತಿದ್ದಳು.

“ನಾ ಹೊಸ್ತಿಲಾ ಮುಟ್ಟೀನಿ ತಮ್ಮಾ. ನೀ ಹೇಳಿದ್ರ ನಾ ಸುಳ್ಳಬುರುಕಿ ಆಕ್ಕೀನಿ.”

“ಹೇಳಲಿಲ್ಲಂದ್ರ ನನ್ನ ಮಗಳು ಅಲ್ಲೂ ಕೌದ್ಯಾಗ ಇರಬೇಕಾಕ್ಕೈತಿ. ಅಲ್ಲಿ ಹೊದಸಾಕ ನೀ ಇರೂದಿಲ್ಲ.”

“ಒಂಬತ್ತು ವರ್ಷ ನಾ ಮಾಡಿದ್ದು ತಪ್ಪಾತು ಹಂಗಾರ.”

ತಪ್ಪಲ್ಲ ಎಂದು ಅವನು ಹೇಳಬೇಕಿತ್ತು. ಹೇಳಲಿಲ್ಲ. ಬೆಳಗಿನಿಂದ ಅವನೊಳಗೆ ಕುದಿಯುತ್ತಿದ್ದದ್ದು ಬೇರೆಯೇ ಆಗಿ ಹೊರಗೆ ಬಂತು. “ನೋಡಿದ್ರ ಒಂಬತ್ತು ವರ್ಷದ ಹಿಂದನ ಗೊತ್ತಾಗತಿತ್ತು,” ಎಂದ. ಗೋಡೆಗೆ ಮುಖ ಮಾಡಿ ನಿಂತಿದ್ದವನು ತಾನು ಎಂಬುದು ಆ ಗಳಿಗೆಯಲ್ಲಿ ಅವನಿಗೆ ನೆನಪಾಗಲಿಲ್ಲ.

ತುಳಸಾಬಾಯಿ ಎದ್ದಳು. ಕೌದಿಯನ್ನು ನಾಲ್ಕು ಮಡಿಕೆ ಮಾಡಿ ಮಂಚದ ಕಾಲ್ದೆಸೆಗೆ ಇಟ್ಟಳು. ನಿದ್ದೆ ಹತ್ತಿದ್ದ ಹುಡುಗಿಯ ಬಲಪಾದವನ್ನು ಒಮ್ಮೆ ಹಿಡಿದು ಬಿಟ್ಟಳು. ಬಾಗಿಲ ಹೊರಗೆ ಚಪ್ಪಲಿ ಮೆಟ್ಟಿಕೊಂಡ ಸದ್ದು ಕೇಳಿತು. ಚಹಾ ಕುಡಿಯಲು ಹೋಗಿದ್ದಾಳೆ ಎಂದುಕೊಂಡ ಶಿವಾನಂದ. ಸಂಜೆಗೆ ಮನೆಗೆ ಹೋಗಿ ನೋಡಿದರೆ ಅವಳ ಟ್ರಂಕು ಇರಲಿಲ್ಲ. ಲಿಂಗಸುಗೂರಿಗೆ ಎರಡು ಸಲ ಹೋಗಿ ಕರೆದ. ಅವಳು ಊಟಕ್ಕೆ ಬಡಿಸಿದಳು, ಹುಡುಗಿ ಹೇಗಿದ್ದಾಳೆ ಎಂದು ಕೇಳಿದಳು. ಆದರೆ ತಿರುಗಿ ಬರಲಿಲ್ಲ.

ಓದುವವರೇ, ಕೇಳುವವರೇ, ನಿಮ್ಮ ಮನೆಯಲ್ಲೋ ಓಣಿಯಲ್ಲೋ ಫಿಟ್ಸ್ ಬರುವವರು ಇದ್ದೇ ಇರುತ್ತಾರೆ. ಅದು ದೆವ್ವವಲ್ಲ, ಶಾಪವಲ್ಲ, ಮುಟ್ಟಿದರೆ ಅಂಟುವುದೂ ಅಲ್ಲ. ಬಂದಾಗ ಮಗ್ಗುಲಿಗೆ ಹೊರಳಿಸಿ, ಹತ್ತಿರದ ಕಲ್ಲು ಕುರ್ಚಿ ಸರಿಸಿ. ಚಪ್ಪಲಿ, ಉಳ್ಳಾಗಡ್ಡಿ, ಕೀಲಿ ಯಾವುದೂ ಬೇಡ. ಬಾಯಿಗೆ ನೀರೂ ಬೇಡ. ಗಡಿಯಾರ ನೋಡಿ. ಐದು ನಿಮಿಷ ದಾಟಿದರೆ ಗಾಡಿ ಕರೆಯಿರಿ, ಆಸ್ಪತ್ರೆಗೆ ನಡೆಯಿರಿ. ಡಾಕ್ಟರು ಹೇಳದೆ ಗುಳಿಗೆ ನಿಲ್ಲಿಸಬೇಡಿ. ಗುಳಿಗೆ ನುಂಗಿಯೂ ನಿಲ್ಲದಿದ್ದರೆ, ಹಣೆಬರಹ ಎಂದು ಕೂರಬೇಡಿ, ದೊಡ್ಡಾಸ್ಪತ್ರೆಗೆ ಹೋಗಿ ‘ಎಲ್ಲಿಂದ ಏಳುತ್ತದೆ ಹುಡುಕಿ’ ಎಂದು ಕೇಳಿ. ತಲೆಗೆ ತಂತಿ ಹಚ್ಚುತ್ತಾರೆ. ಅವು ಕರೆಂಟು ಕೊಡುವುದಿಲ್ಲ. ಹಿಂದಿನ ದಿನ ತಲೆ ತೊಳೆದು ಹೋಗಿ, ಎಣ್ಣೆ ಹಚ್ಚಬೇಡಿ.

ಮತ್ತು ಗೋಡೆಯ ಕಡೆ ಮುಖ ಮಾಡಬೇಡಿ. ನೋಡಿ. ಯಾವ ಕೈ, ಯಾವ ಕಾಲು, ಯಾವುದು ಮೊದಲು ಎಂದು ನೋಡಿ, ಚೀಟಿಯ ಮೇಲೆ ಬರೆದಿಡಿ. ತಂತಿ ಅರ್ಧ ಹೇಳುತ್ತದೆ, ಉಳಿದ ಅರ್ಧ ನೀವು ಹೇಳಬೇಕು. ಮಾನ ಮುಚ್ಚಲು ಮಂಡಿಯ ತನಕ ಬಟ್ಟೆ ಸಾಕು. ಪಾದ ಹೊರಗಿರಲಿ.